ಒಂದಿಂಚು ಕಮ್ಮಿ

"ಒಂದಿಂಚು ಕಮ್ಮಿ. ಇದನ್ನ ಹೊಲಿಗೆ ಅಂತಾರಾ, ಗಾಯಕ್ಕೆ ಕಟ್ಟೋ ಪಟ್ಟಿ ಅಂತಾರಾ?"

ಹೊಲಿಗೆ ಹಾಲ್‌ನ ಬಾಗಿಲಲ್ಲಿ ಅವಳು ಗಕ್ಕನೆ ನಿಂತಳು.

ಆ ದನಿ ಅವಳದೇ. ಮಾತೂ ಅವಳದೇ. ಆದರೆ ಅವಳ ಬಾಯಿ ಮುಚ್ಚಿತ್ತು.

ದನಿ ಬರುತ್ತಿದ್ದದ್ದು ಏಳನೇ ನಂಬರಿನ ಮಿಷನ್ನಿನ ಕೆಳಗಿನಿಂದ. ಅಲ್ಲಿಂದ ಎರಡು ಕಾಲು ಹೊರಗೆ ಚಾಚಿದ್ದವು. ಒಂದರಲ್ಲಿ ಚಪ್ಪಲಿ ಇತ್ತು, ಇನ್ನೊಂದರ ಚಪ್ಪಲಿ ದೂರದಲ್ಲಿ ಮಗುಚಿ ಬಿದ್ದಿತ್ತು.

"ಮೇಜು ತಪ್ಪಿರಬಹುದು, ಮಿಷನ್ ತಪ್ಪಿರಬಹುದು, ಸೂರ್ಯನೇ ದಾರಿ ತಪ್ಪಿರಬಹುದು. ನನ್ನ ಟೇಪ್ ಮಾತ್ರ ತಪ್ಪಲ್ಲ," ಎಂದಿತು ಕಾಲುಗಳ ಆಚೆಯ ದನಿ, ಅವಳ ಹಾಗೇ ಕೊನೆಯ ಅಕ್ಷರವನ್ನು ಕತ್ತರಿಯಿಂದ ಕತ್ತರಿಸಿದಂತೆ ನಿಲ್ಲಿಸಿ.

ಹದಿನಾಲ್ಕು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಗಿಲ ಕಡೆ ಮೊದಲು ನೋಡಿದವಳ ನಗು ಅರ್ಧಕ್ಕೇ ನಿಂತಿತು. ಆಮೇಲೆ ಪಕ್ಕದವಳದು. ಆಮೇಲೆ ಇಡೀ ಸಾಲಿನದು.

"ಯಾಕ್ರೀ, ನಿಲ್ಸಿಬಿಟ್ರಿ? ಚೆನ್ನಾಗಿ ಬರ್ಲಿಲ್ವಾ?" ಎಂದಿತು ಮಿಷನ್ನಿನ ಕೆಳಗಿನಿಂದ ಒಂದು ಗಂಡು ದನಿ.

"ಚೆನ್ನಾಗೇ ಬಂತು," ಎಂದಳು ಅವಳು. "ಒಂದಿಂಚು ಕಮ್ಮಿ ಅಷ್ಟೇ."

ಮಿಷನ್ನಿನ ಕೆಳಗೆ ಧಡ್ ಎಂದು ತಲೆ ಬಡಿದ ಸದ್ದು.

ಹೊರಬಂದವನ ಕೆನ್ನೆಯ ಮೇಲೆ ಎಣ್ಣೆಯ ಗೆರೆ. ನೆತ್ತಿ ಉಜ್ಜಿಕೊಳ್ಳುತ್ತಾ ಅವಳನ್ನು ನೋಡಿದ. "ಮೇಡಂ... ಈಗ ಮಾತಾಡಿದ್ದು ನೀವಾ, ನಾನಾ?"

"ಇಬ್ರೂ ಮಾತು ನಿಲ್ಸೋಣ. ಮಿಷನ್ ಎಷ್ಟೊತ್ತಿಗೆ ಸರಿಯಾಗುತ್ತೆ?"

"ಹತ್ತು ನಿಮಿಷ. ನೀವು ಅಲ್ಲೇ ನಿಂತ್ಕೊಂಡ್ರೆ ಇಪ್ಪತ್ತು."

ಅವಳು ಅಲ್ಲೇ ನಿಂತುಕೊಂಡಳು. ಮುಖ ಗಂಟಿಕ್ಕಿಕೊಂಡೇ ಇತ್ತು. ಆದರೆ ಎದೆಯೊಳಗೆ ಎಲ್ಲೋ ಒಂದು ಹೊಲಿಗೆ ಸಡಿಲವಾಗಿತ್ತು... ಅದು ಅವಳಿಗೆ ಆಗ ಗೊತ್ತಾಗಲಿಲ್ಲ.

ಅವಳು ಆ ಹೊಲಿಗೆ ಘಟಕಕ್ಕೆ ಮೇಲ್ವಿಚಾರಕಿಯಾಗಿ ಬಂದು ಐದು ವಾರವಾಗಿತ್ತು. ಮೂರು ತಿಂಗಳು ಕೆಲಸ ನೋಡಿ ಆಮೇಲೆ ಖಾಯಂ ಮಾಡುವ ಮಾತು ಯಜಮಾನರದು. ಅವಳ ವಯಸ್ಸು ಇಪ್ಪತ್ತೇಳು. ಕೈಕೆಳಗಿನ ಹದಿನಾಲ್ಕು ಜನರಲ್ಲಿ ಹೆಚ್ಚಿನವರು ಅವಳಿಗಿಂತ ಹಿರಿಯರು. ಮೆತ್ತಗಿದ್ದರೆ ಇವರು ತಲೆಯ ಮೇಲೆ ಕೂರುತ್ತಾರೆ ಎಂದು ಮೊದಲ ದಿನವೇ ಹೆದರಿ, ತಾನೇ ಅವರ ತಲೆಯ ಮೇಲೆ ಕುಳಿತುಬಿಟ್ಟಿದ್ದಳು.

ಕೊರಳಲ್ಲಿ ಸದಾ ಒಂದು ಹಳದಿ ಬಟ್ಟೆಯ ಟೇಪು. ಅದು ಅಮ್ಮನದು. ಮನೆಯಲ್ಲೇ ಹೊಲಿದು ಅವಳನ್ನು ಓದಿಸಿದ ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಆ ಟೇಪನ್ನು ಕೊರಳಿಗೆ ಹಾಕಿಕೊಂಡರೆ ಅಮ್ಮ ಹೆಗಲ ಮೇಲೆ ಕೈಯಿಟ್ಟ ಹಾಗೆ.

ಬಾಗಿಲ ಪಕ್ಕದಲ್ಲಿ ಅವಳೇ ಕಟ್ಟಿಸಿದ ಒಂದು ತಂತಿ ಇತ್ತು. ಅಳತೆ ತಪ್ಪಿದ ಬಟ್ಟೆಗೆ ಕೆಂಪು ದಾರ ಕಟ್ಟಿ, ಹೊಲಿದವರ ನಂಬರಿನ ಚೀಟಿ ಸಿಕ್ಕಿಸಿ, ಸಂಜೆಯವರೆಗೆ ಅದರ ಮೇಲೆ ನೇತುಹಾಕುತ್ತಿದ್ದಳು. ಹೋಗುವವರು ಬರುವವರು ಎಲ್ಲರೂ ನೋಡಬೇಕು. ಹೆಂಗಸರು ಅದಕ್ಕೆ ಮಾನದ ತಂತಿ ಎಂದು ಹೆಸರಿಟ್ಟಿದ್ದರು.

ಎರಡನೇ ವಾರದಲ್ಲೇ, ಇಪ್ಪತ್ತಾರು ವರ್ಷ ಅಲ್ಲಿ ಹೊಲಿದಿದ್ದ ದೊಡ್ಡಕ್ಕನ ಬಟ್ಟೆ ತಂತಿಗೇರಿತ್ತು.

"ಮೇಡಮ್ಮ, ಮೇಜಿನ ಸ್ಟೀಲ್ ಪಟ್ಟಿ ಇಟ್ಟು ಅಳೆದಿದ್ದೀನಿ. ಸರಿಯಾಗೇ ಇದೆ," ಎಂದಿದ್ದಳು ದೊಡ್ಡಕ್ಕ.

"ಮೇಜು ತಪ್ಪಿರಬಹುದು. ನನ್ನ ಟೇಪ್ ತಪ್ಪಲ್ಲ."

ಅಂದಿನಿಂದ ಯಾರೂ ಎದುರು ಮಾತಾಡಲಿಲ್ಲ. ಅದನ್ನು ಅವಳು ಶಿಸ್ತು ಎಂದುಕೊಂಡಳು.

ಆ ಹಾಲ್‌ನಲ್ಲಿ ಶಿಸ್ತಿಗೆ ಬಗ್ಗದವನು ಒಬ್ಬನೇ. ಅವನು ಮಿಷನ್ ಮೆಕ್ಯಾನಿಕ್ಕು. ಯಜಮಾನರ ಕೆಮ್ಮು, ದೊಡ್ಡಕ್ಕನ ಆಕಳಿಕೆ, ಗೇಟಿನ ಕಿರ್‌ಗುಟ್ಟುವಿಕೆ, ಯಾವುದನ್ನು ಕೇಳಿದರೂ ಹಾಗೇ ಮಾಡಿ ತೋರಿಸುತ್ತಿದ್ದ. ಅವನಿಗೆ ಟೇಪ್ ರೆಕಾರ್ಡರ್ ಎಂದೇ ಹೆಸರು.

"ನಮ್ಮ ಹಾಲ್‌ನಲ್ಲಿ ಎರಡು ಟೇಪು," ಎನ್ನುತ್ತಿದ್ದಳು ದೊಡ್ಡಕ್ಕ. "ಒಂದು ಅಳೆಯುತ್ತೆ, ಒಂದು ಅಣಕಿಸುತ್ತೆ."

ಏಳನೇ ಮಿಷನ್ ವಾರಕ್ಕೆರಡು ಸಲ ಮುನಿಸಿಕೊಳ್ಳುತ್ತಿತ್ತು. ಹಾಗಾಗಿ ಅವನು ವಾರಕ್ಕೆರಡು ಸಲ ಬರುತ್ತಿದ್ದ. ಮೂರನೇ ಸಲ ಯಾಕೆ ಬರುತ್ತಿದ್ದ ಎಂದು ಹಾಲ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳೊಬ್ಬಳನ್ನು ಬಿಟ್ಟು.

ಒಂದು ದಿನ ಅವನು ಮಿಷನ್ನನ್ನು ಮುಟ್ಟದೆ, ಕಣ್ಣು ಮುಚ್ಚಿ ಅದರ ಪಕ್ಕ ಕೂತಿದ್ದ.

"ನಿದ್ದೆನಾ?"

"ಷ್... ಮಾತಾಡ್ತಿದೆ. ಕೇಳಿ." ಬೆರಳೆತ್ತಿ, ತುಟಿಯಿಂದ ಅದೇ ಸದ್ದು ಮಾಡಿದ. "ಟಕ-ಟಕ-ಟಿಣ್. ಟಕ-ಟಕ-ಟಿಣ್. ಆ ಟಿಣ್ ಇದ್ಯಲ್ಲ, ಅದು ಸೂಜಿ ತಟ್ಟೆಗೆ ತಾಗ್ತಿರೋದು. ಪಾಪ, ನೋವಾಗ್ತಿದೆ ಅದಕ್ಕೆ."

ಎಣ್ಣೆಗೆನ್ನೆಯ ಆ ಮನುಷ್ಯ ಹೊಲಿಗೆ ಮಿಷನ್ನಿನ ನೋವನ್ನು ಮುಖದಲ್ಲಿ ತಂದುಕೊಂಡಿದ್ದ ರೀತಿಗೆ ಅವಳಿಗೆ ನಗು ಬಂತು. ತಡೆಯಲು ಹೋದಳು. ಆಗಲಿಲ್ಲ.

ಹದಿನಾಲ್ಕು ಮಿಷನ್‌ಗಳು ಒಟ್ಟಿಗೆ ನಿಂತವು. ಮೇಡಂ ನಗುವುದನ್ನು ಅವರು ನೋಡಿದ್ದು ಅದೇ ಮೊದಲು.

ಅವನೂ ನೋಡುತ್ತಲೇ ಇದ್ದ. ಆಮೇಲೆ ಮೆಲ್ಲಗೆ ಹೇಳಿದ: "ಇದೊಂದನ್ನ ಮಾತ್ರ ನಂಗೆ ಅಣಕಿಸೋಕೆ ಬರಲ್ಲ."

ಅವಳ ಕಿವಿ ಬಿಸಿಯಾಯಿತು. *ಏನಿದು, ಈ ಎಣ್ಣೆ ಡಬ್ಬಿಯ ಮಾತಿಗೆ ನಾನು ಕರಗೋದಾ?*

ಆಮೇಲೆ ಮಧ್ಯಾಹ್ನದ ಚಹಾ ಇಬ್ಬರದೂ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಆಯಿತು. ಆ ತುದಿಗೆ ಅವಳು, ಈ ತುದಿಗೆ ಅವನು, ಮಧ್ಯೆ ಅವನ ಸಾಮಾನಿನ ಪೆಟ್ಟಿಗೆ.

"ನೀವೂ ತಪ್ಪು ಹುಡುಕ್ತೀರಿ, ನಾನೂ ತಪ್ಪು ಹುಡುಕ್ತೀನಿ," ಎಂದ ಒಮ್ಮೆ. "ಇಬ್ಬರ ಕಸುಬೂ ಒಂದೇ."

"ಮತ್ತೆ ನಿಮ್ಮನ್ನ ಕಂಡ್ರೆ ಎಲ್ಲರೂ ನಗ್ತಾರೆ. ನನ್ನನ್ನ ಕಂಡ್ರೆ ತಲೆ ತಗ್ಗಿಸ್ತಾರೆ."

"ನಾನು ಬಿಚ್ಚೋಕೆ ಮೊದಲು ಕೇಳಿಸ್ಕೋತೀನಿ, ಮೇಡಂ."

ಅವಳ ಕೈಯಲ್ಲೇ ಚಹಾ ಆರಿಹೋಯಿತು.

ಆಗಲೇ ಬಂದಿತ್ತು ಆಸ್ಪತ್ರೆಯ ಕೆಲಸ. ಹಾಸಿಗೆಗಳಿಗೆ ಇನ್ನೂರು ಗವಸು. ಉದ್ದ ಸರಿಯಾಗಿ ಎಪ್ಪತ್ತೆರಡು ಇಂಚು, ಒಂದು ತುದಿಗೆ ಜಿಪ್ಪು. ಘಟಕಕ್ಕೆ ಸಿಕ್ಕಿದ್ದರಲ್ಲಿ ಅದೇ ದೊಡ್ಡದು. ಇದು ಒಪ್ಪಿಗೆಯಾದರೆ ಅವಳ ಕೆಲಸ ಖಾಯಂ ಎಂದು ಯಜಮಾನರು ಬಾಯಿಬಿಟ್ಟೇ ಹೇಳಿದ್ದರು.

ಮೊದಲ ಎಂಟು ಗವಸುಗಳನ್ನು ಅವಳೇ ಅಳೆದಳು. ಟೇಪಿನ ಅರವತ್ತು ಮುಗಿದಲ್ಲಿ ಬೆರಳಿಟ್ಟು, ಮತ್ತೆ ಮೊದಲಿಂದ ಹಿಡಿದು ನೋಡಿದರೆ ಹನ್ನೊಂದು. ಒಟ್ಟು ಎಪ್ಪತ್ತೊಂದು.

"ಒಂದಿಂಚು ಕಮ್ಮಿ."

ಎಂಟೂ ತಂತಿಗೇರಿದವು. ಮರುದಿನದಿಂದ ಗವಸುಗಳು ಅವಳ ಟೇಪಿಗೆ ಸರಿಯಾಗಿ ಎಪ್ಪತ್ತೆರಡು ಬರತೊಡಗಿದವು. ನೋಡಿದಿರಾ, ತಂತಿಯ ಮಹಿಮೆ... ಎಂದು ಅವಳು ಒಳಗೊಳಗೇ ಬೀಗಿದಳು.

ಮೂರನೇ ದಿನ ಕೈತೊಳೆಯಲು ಹೋಗುವಾಗ ಟೇಪನ್ನು ಮೇಜಿನ ಮೇಲೆ ಬಿಟ್ಟಿದ್ದಳು. ವಾಪಸ್ ಬಂದರೆ ಮೆಕ್ಯಾನಿಕ್ಕಿನ ಕೈಯಲ್ಲಿತ್ತು ಅದು. ಅಮ್ಮನ ಟೇಪನ್ನು ಮೇಜಿನುದ್ದಕ್ಕೂ ಹಾಸಿ, ಬಗ್ಗಿ ನೋಡುತ್ತಿದ್ದ. ಸುತ್ತ ಮೂರ್ನಾಲ್ಕು ಹೆಂಗಸರು. ಯಾರೋ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು.

ಅವಳಿಗೆ ಅಂದು ಬಾಗಿಲಲ್ಲಿ ನಿಂತು ಕೇಳಿದ್ದ ನಗು ಮತ್ತೆ ಕೇಳಿಸಿತು.

"ಕೆಳಗಿಡಿ ಅದನ್ನ."

"ಮೇಡಂ, ಒಂದ್ನಿಮಿಷ. ಇದು—"

"ನನ್ನ ದನಿ ಅಣಕಿಸಿದ್ರಿ, ಸುಮ್ಮನಿದ್ದೆ. ಅದು ನಮ್ಮಮ್ಮಂದು. ನಿಮ್ಮ ನಾಟಕದ ಸಾಮಾನಲ್ಲ."

"ನಾಟಕ ಅಲ್ಲ ಕಣ್ರೀ, ಒಂದ್ಸಲ ಕೇಳಿ—"

"ಒಂದು ಶಬ್ದನೂ ಬೇಡ. ಈ ಹಾಲ್‌ನಲ್ಲಿ ನಿಮ್ಮ ಕೆಲಸ ಮಿಷನ್ನಿಂದು. ಬೇರೆ ಯಾವುದಕ್ಕೂ ನಿಮ್ಮನ್ನ ಯಾರೂ ಕರೆದಿಲ್ಲ."

ಬೇರೆ ಯಾವುದಕ್ಕೂ ಎನ್ನುವಾಗ ಅವಳ ಕಣ್ಣು ಕಿಟಕಿಯ ಬೆಂಚಿನ ಕಡೆ ಹೋಯಿತು. ಅವನ ಕಣ್ಣೂ ಹೋಯಿತು.

ಅವನು ಟೇಪನ್ನು ಅಂಗೈಯಗಲ ಸುರುಳಿ ಸುತ್ತಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ಪೆಟ್ಟಿಗೆ ಎತ್ತಿಕೊಂಡು ಹೊರಟ. ಮರುದಿನ ಬಂದದ್ದು ಬೇರೊಬ್ಬ ಮೆಕ್ಯಾನಿಕ್ಕು. ಟೇಪ್ ರೆಕಾರ್ಡರ್ ತಾನೇ ಕೇಳಿಕೊಂಡು ಊರಾಚೆಯ ಇನ್ನೊಂದು ಘಟಕಕ್ಕೆ ಹೋಗಿದ್ದನಂತೆ.

*ಹೋದರೆ ಹೋಗಲಿ.* ಹಾಗೆಂದು ದಿನಕ್ಕೆ ಹತ್ತು ಸಲ ಅಂದುಕೊಂಡಳು. ಹೋದವನನ್ನು ಹತ್ತು ಸಲ ಕಳಿಸಬೇಕಾಗುತ್ತದೆಯೇ?

ಇನ್ನೂರು ಗವಸು ಹೋದ ನಾಲ್ಕನೇ ದಿನ ಆಸ್ಪತ್ರೆಯಿಂದ ಫೋನು ಬಂತು. ಅವಳೇ ಹೋದಳು.

ಹಿರಿಯ ನರ್ಸಮ್ಮ ಬಯ್ಯಲಿಲ್ಲ. ಅವಳ ಕೈ ಹಿಡಿದು ಹಾಸಿಗೆಯ ಮೇಲೆ ಸವರಿಸಿದರು. ಗವಸಿನ ಸಡಿಲ ಬಟ್ಟೆ ಅಂಗೈಯ ಕೆಳಗೆ ಮಡಿಕೆ ಮಡಿಕೆಯಾಗಿ ಎದ್ದಿತು.

"ಗೊತ್ತಾಯ್ತಾ? ಎದ್ದು ಕೂರೋಕಾಗದೇ ಇರೋರು ತಿಂಗಳುಗಟ್ಟಲೆ ಇದರ ಮೇಲೆ ಮಲಗ್ತಾರೆ. ನಮಗೆ ಸುಕ್ಕು. ಅವರ ಬೆನ್ನಿಗೆ ಹುಣ್ಣು."

ನರ್ಸಮ್ಮ ಸ್ಟೀಲಿನ ಟೇಪು ಎಳೆದರು. ಎಪ್ಪತ್ತಮೂರು.

"ನಾಲ್ಕು ದಿನ ಕೊಡ್ತೀನಿ ಕಣಮ್ಮ. ಆಮೇಲೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಬಸ್ಸಿನಲ್ಲಿ ಬರುವಾಗ ಅವಳು ಸಿಟ್ಟಿನಿಂದ ಕುದಿಯುತ್ತಿದ್ದಳು. *ಯಾರು? ಯಾರ ನಂಬರು?* ಹಾಲ್‌ಗೆ ಬಂದವಳೇ ವಾಪಸ್ ತಂದಿದ್ದ ಗವಸನ್ನು ಮೇಜಿನ ಮೇಲೆ ಎಸೆದಳು.

"ಎಲ್ಲವೂ ಒಂದಿಂಚು ಜಾಸ್ತಿ. ಎಲ್ಲರೂ ಸೇರಿ ಹೇಗೆ ಒಂದೇ ತಪ್ಪು ಮಾಡಿದ್ರಿ?"

ದೊಡ್ಡಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು.

"ತಪ್ಪು ಮಾಡ್ಲಿಲ್ಲ, ಮೇಡಮ್ಮ. ಬೇಕೂಂತಲೇ ಮಾಡಿದ್ವಿ. ಸರಿಯಾಗಿ ಹೊಲಿದ್ರೆ ನಿಮ್ಮ ಟೇಪಿಗೆ ಕಮ್ಮಿ ಬರ್ತಿತ್ತು, ತಂತಿಗೆ ಹೋಗ್ತಿತ್ತು. ಒಂದಿಂಚು ಜಾಸ್ತಿ ಬಿಟ್ರೆ ನಿಮಗೆ ಸರಿ ಬರ್ತಿತ್ತು. ಮಕ್ಕಳು ಕರ್ಕೊಂಡು ಹೋಗೋಕೆ ಬಂದಾಗ ಅಮ್ಮನ ನಂಬರು ತಂತಿ ಮೇಲೆ ನೇತಾಡೋದನ್ನ ನೋಡ್ತಾರೆ... ಯಾರಿಗೆ ಬೇಕು?"

ಅವಳು ಕೊರಳಿನ ಟೇಪು ತೆಗೆದಳು. ಮೇಜಿನಂಚಿನ ಸ್ಟೀಲ್ ಪಟ್ಟಿಯ ಪಕ್ಕಕ್ಕೆ ಹಾಸಿದಳು. ಮೆಕ್ಯಾನಿಕ್ಕು ಅಂದು ಹಾಸಿದ್ದ ಜಾಗದಲ್ಲೇ.

ಅಮ್ಮನ ಅರವತ್ತು, ಪಟ್ಟಿಯ ಅರವತ್ತನ್ನು ದಾಟಿ ಮುಕ್ಕಾಲು ಇಂಚು ಮುಂದೆ ಹೋಗಿ ನಿಂತಿತ್ತು. ಎಪ್ಪತ್ತೆರಡರ ಲೆಕ್ಕಕ್ಕೆ ಹೆಚ್ಚುಕಮ್ಮಿ ಒಂದಿಂಚು.

ಬಟ್ಟೆಯ ಟೇಪು. ವರ್ಷಗಟ್ಟಲೆ ಎಳೆದೂ ಎಳೆದೂ ಹಿಗ್ಗಿಹೋಗಿತ್ತು.

*ಇದನ್ನ ಹೇಳೋಕೆ ಬಂದಿದ್ದ ಅವನು. ಒಂದ್ಸಲ ಕೇಳಿ ಅಂದಿದ್ದ...*

ಅಂದು ಸಂಜೆ ಅಡುಗೆಮನೆಯಲ್ಲಿ ಅಪ್ಪ ಬಟಾಣಿ ಸುಲಿಯುತ್ತಿದ್ದರು. ಅವಳು ಟೇಪನ್ನು ಅವರ ಮುಂದಿಟ್ಟು ಎಲ್ಲ ಹೇಳಿಕೊಂಡಳು.

"ಅಯ್ಯೋ ಹುಚ್ಚಿ," ಎಂದರು ಅಪ್ಪ. "ನಿಮ್ಮಮ್ಮ ಎರಡು ವರ್ಷಕ್ಕೊಂದು ಟೇಪು ಬದಲಾಯಿಸ್ತಿದ್ದಳು. ಬಟ್ಟೆ ಟೇಪನ್ನ ನಂಬಬಾರದು ಅನ್ನೋಳು. ಇದು ಅವಳ ಕೊನೇ ಟೇಪು, ಅಷ್ಟೇ. ಅವಳು ಇದ್ದಿದ್ರೆ ಎಂದೋ ಬಿಸಾಕಿರ್ತಿದ್ದಳು."

ಅವಳು ಅತ್ತಳು. ಅಪ್ಪ ನಾಲ್ಕು ಬಟಾಣಿ ಅವಳ ಅಂಗೈಗೆ ಹಾಕಿದರು. ಚಿಕ್ಕಂದಿನಲ್ಲಿ ಅತ್ತಾಗ ಹಾಕುತ್ತಿದ್ದಂತೆ.

ಮರುದಿನ ಬೆಳಿಗ್ಗೆ ಹೆಂಗಸರು ಬರುವ ಮೊದಲೇ ತಂತಿಯ ಮೇಲೆ ಒಂದು ವಸ್ತು ನೇತಾಡುತ್ತಿತ್ತು. ಹಳದಿ ಟೇಪು. ಅದಕ್ಕೆ ಕೆಂಪು ದಾರ. ಚೀಟಿಯ ಮೇಲೆ ನಂಬರಿನ ಬದಲು ಒಂದೇ ಪದ: ಮೇಲ್ವಿಚಾರಕಿ.

ಹೆಂಗಸರ ಹಿಂದೆಯೇ, ಆಸ್ಪತ್ರೆಯಿಂದ ವಾಪಸ್ ಬಂದ ಗವಸುಗಳ ಗಾಡಿಯ ಜೊತೆ ಯಜಮಾನರು ಬಂದರು. ಮುಖ ಕೆಂಪಾಗಿತ್ತು. "ಯಾರ ನಂಬರಿನ ಮಾಲು ಇದು? ಹೆಸರು ಹೇಳು. ಇವತ್ತೇ ಮನೆಗೆ ಕಳಿಸ್ತೀನಿ."

ಹದಿನಾಲ್ಕು ಜೊತೆ ಕಣ್ಣು ನೆಲ ನೋಡಿದವು. ಪ್ರತಿ ಗವಸಿನ ಒಳಗೂ ನಂಬರಿತ್ತು.

"ತಂತಿ ನೋಡಿ, ಸರ್," ಎಂದಳು ಅವಳು. "ತಪ್ಪು ಟೇಪಲ್ಲಿ ಅಳೆದದ್ದು ನಾನು. ಸರಿ ಹೇಳಿದವರ ಬಾಯಿ ಮುಚ್ಚಿಸಿದ್ದೂ ನಾನು. ಕಳಿಸೋದಾದ್ರೆ ನನ್ನನ್ನ ಕಳಿಸಿ. ಆದ್ರೆ ಮೂರು ದಿನ ಬಿಟ್ಟು ಕಳಿಸಿ. ಇನ್ನೂರು ಗವಸು ಬಿಚ್ಚಿ ಹೊಲೀಬೇಕು."

ಯಜಮಾನರು ಕೆಮ್ಮಿದರು. ಟೇಪನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಮೂರು ಬೆರಳು ಎತ್ತಿ ತೋರಿಸಿ ಹೊರಟುಹೋದರು.

ಅವಳು ಹೆಂಗಸರ ಕಡೆ ತಿರುಗಿದಳು. ರಾತ್ರಿಯಿಡೀ ಹೊಂದಿಸಿದ್ದ ಮಾತೆಲ್ಲ ಮರೆತುಹೋಯಿತು. "ದೊಡ್ಡಕ್ಕ, ನಂಗೆ ಗೊತ್ತಾಗ್ತಿಲ್ಲ. ಹೇಗೆ ಮಾಡೋಣ, ನೀವೇ ಹೇಳಿ."

ಎರಡು ತಿಂಗಳು ಮೇಡಂ ಆಗಿದ್ದವಳು ಅವರನ್ನು ಸಲಹೆ ಕೇಳಿದ್ದು ಅದೇ ಮೊದಲು.

"ಹೆದರೋಕೆ ಏನಿದೆ ಮಗಳೇ?" ಎಂದಳು ದೊಡ್ಡಕ್ಕ. ಮೇಡಮ್ಮ ಎನ್ನುವ ಮಾತು ಎಲ್ಲೋ ಬಿದ್ದುಹೋಗಿತ್ತು. "ಚಿಕ್ಕದಾಗಿದ್ರೆ ಕಷ್ಟ ಇತ್ತು. ದೊಡ್ಡದಾಗಿರೋದನ್ನ ಒಳಗೆ ಹಿಡಿದ್ರೆ ಆಯ್ತು. ಜಿಪ್ ಇಲ್ಲದ ತುದಿ ಬಿಚ್ಚಿ ಒಂದಿಂಚು ಒಳಗೆ ಹೊಲಿಯೋದು. ಹದಿನಾಲ್ಕು ಜನ, ಮೂರು ದಿನ. ಆಗುತ್ತೆ."

"ಹದಿನೈದು ಜನ," ಎಂದು ಅವಳು ಏಳನೇ ಮಿಷನ್ನಿಗೆ ಕೂತಳು. ಅದನ್ನು ನಡೆಸುವವಳು ಬಿಚ್ಚುವ ಕೆಲಸಕ್ಕೆ ಹೋದಳು.

ಮೊದಲ ಹತ್ತು ಗವಸನ್ನು ದೊಡ್ಡಕ್ಕ ಅವಳ ಕೈಯಿಂದ ಕಿತ್ತುಕೊಂಡು ಮತ್ತೆ ಬಿಚ್ಚಿಸಿದಳು. "ಡೊಂಕು. ತಂತಿಗೆ ಹಾಕ್ಲಾ?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮೂರನೇ ದಿನ ಮಧ್ಯಾಹ್ನ, ನಲವತ್ತು ಗವಸು ಬಾಕಿ ಇರುವಾಗ, ಏಳನೇ ಮಿಷನ್ ಮುನಿಸಿಕೊಂಡಿತು. ಹೊಸ ಮೆಕ್ಯಾನಿಕ್ಕು ಅರ್ಧ ಗಂಟೆ ಗುದ್ದಾಡಿ ಕೈಚೆಲ್ಲಿದ.

ಎಲ್ಲರೂ ಅವಳನ್ನೇ ನೋಡಿದರು.

ಅವಳು ಫೋನ್ ತೆಗೆದಳು. ಮೂರು ಸಲ ರಿಂಗಾಯಿತು.

"ಹಲೋ."

"ನಾನು." ಮಿಷನ್ನಿನ ಕಡೆ ತಿರುಗಿದಳು. "ಏಳನೇ ನಂಬರು... ಸದ್ದು ಮಾಡ್ತಿದೆ."

"ಎಂಥ ಸದ್ದು?"

"ಅದು... ಒಂಥರಾ..."

"ಒಂಥರಾ ಅಂದ್ರೆ ಗೊತ್ತಾಗಲ್ಲ ಮೇಡಂ. ಮಾಡಿ ತೋರ್ಸಿ."

ಹದಿನಾಲ್ಕು ಜನರ ಮುಂದೆ, ಅಣಕ ಎಂದರೆ ಉರಿದುಬೀಳುತ್ತಿದ್ದವಳು ಕಣ್ಣು ಮುಚ್ಚಿಕೊಂಡಳು. "ಟಕ... ಟಕ... ಗರ್ರ್ರ್... ಪಟ್."

"ಇನ್ನೊಂದ್ಸಲ."

"ಟಕ-ಟಕ-ಗರ್ರ್ರ್-ಪಟ್."

"ಗರ್ರ್ ಸ್ವಲ್ಪ ಉದ್ದನಾ, ಗಿಡ್ಡನಾ?"

"ಗರ್ರ್ರ್ರ್ರ್ರ್." ದೊಡ್ಡಕ್ಕ ನಗು ತಡೆಯಲಾರದೆ ಗವಸಿನೊಳಗೆ ಮುಖ ಹುದುಗಿಸಿದಳು.

"ಬಾಬಿನ್ ಕೂರೋ ಡಬ್ಬಿ ಸಡಿಲ ಆಗಿದೆ. ಇಪ್ಪತ್ತು ನಿಮಿಷ. ಬರ್ತೀನಿ."

ಅವನು ಬಂದದ್ದು ಹದಿನೈದು ನಿಮಿಷಕ್ಕೆ. ಬಾಗಿಲಲ್ಲಿ ತಂತಿಯ ಕಡೆ ನೋಡಿ ನಿಂತುಬಿಟ್ಟ. ಚೀಟಿ ಓದಿದ. ಆಮೇಲೆ ಏಳನೇ ಮಿಷನ್ನಿನ ಕೆಳಗೆ ತೂರಿದ.

ಸಂಜೆ ಐದಕ್ಕೆ ಇನ್ನೂರನೇ ಗವಸನ್ನು ದೊಡ್ಡಕ್ಕ ಸ್ಟೀಲ್ ಪಟ್ಟಿಯ ಮೇಲೆ ಹಾಸಿದಳು. ಎಪ್ಪತ್ತೆರಡು. ಮಾಲು ಗಾಡಿ ಹತ್ತಿತು. ನರ್ಸಮ್ಮ ಹಾಸಿಗೆಗೆ ಹಾಕಿ ಸವರಿ ನೋಡಿ ಫೋನ್ ಮಾಡಿದರು: "ಈಗ ನೋಡು, ಅಂಗೈ ಜಾರುತ್ತೆ." ಯಜಮಾನರೂ ಫೋನ್ ಮಾಡಿದರು. ಕೆಮ್ಮಿ, "ನಾಳೆಯಿಂದ ಖಾಯಂ. ಮೊದಲು ಒಂದು ಒಳ್ಳೇ ಟೇಪು ತಗೋ," ಎಂದರು.

ಹೆಂಗಸರೆಲ್ಲ ಹೊರಟರು. ಹೊರಡುವಾಗ ಬೇಕೆಂದೇ ಬಹಳ ಬೇಗ ಹೊರಟರು.

ಕಿಟಕಿಯ ಬೆಂಚು. ಆ ತುದಿಗೆ ಅವಳು, ಈ ತುದಿಗೆ ಅವನು.

"ಕ್ಷಮಿಸಿ," ಎಂದಳು ಅವಳು. "ಒಂದ್ಸಲ ಕೇಳಿ ಅಂದ್ರಿ. ಕೇಳ್ಲಿಲ್ಲ."

"ನಾನೂ ಸರಿ ಇಲ್ಲ ಬಿಡಿ." ಅವನು ಕೈಯೊರೆಸುವ ಬಟ್ಟೆಯನ್ನು ಹಿಂಡುತ್ತಿದ್ದ. "ಗೊತ್ತಿದ್ದೂ ಹೋಗ್ಬಿಟ್ಟೆ. ದೊಡ್ಡಕ್ಕನಿಗೆ ಹೇಳ್ಬಹುದಿತ್ತು, ಚೀಟಿ ಬರೆದಿಡ್ಬಹುದಿತ್ತು. ಅನುಭವಿಸ್ಲಿ ಅಂತ ರೋಷ. ಊರಿನ ಸದ್ದೆಲ್ಲ ಮಾಡೋಕೆ ಬಾಯಿದೆ, ಬೇಕಾದ ಒಂದು ಮಾತಿಗೆ ಬಾಯಿರ್ಲಿಲ್ಲ."

"ಹಾಗಾದ್ರೆ ನಿಮ್ಮ ಚೀಟಿನೂ ತಂತಿಗೆ ಹಾಕ್ಲಾ?"

"ಹಾಕಿ. ನಿಮ್ಮ ಪಕ್ಕಾನೇ ಹಾಕಿ."

ಅವಳು ನಕ್ಕಳು. "ತಂತಿ ನಾಳೆ ತೆಗೀತೀನಿ. ಟೇಪು ಮನೆಗೆ ಒಯ್ತೀನಿ. ಅಳೆಯೋಕಲ್ಲ, ಇಟ್ಕೊಳ್ಳೋಕೆ."

"ಅದು ಹಳೇದಾಗಿ ಹಿಗ್ಗಿದ್ದಲ್ಲ, ಮೇಡಂ. ಮಗಳನ್ನ ನೋಡಿ ಹಿಗ್ಗಿದ್ದು."

ಅವಳ ಕಣ್ಣು ತುಂಬಿತು. ಅವನು ಗಾಬರಿಯಾದ. ಗಾಬರಿಯಲ್ಲಿ ಒಂದು ನಿಜ ಜಾರಿತು. "ಅಳಬೇಡಿ... ಇನ್ನೊಂದು ತಪ್ಪೊಪ್ಪಿಗೆ ಇದೆ. ಫೋನಲ್ಲಿ ನೀವು ಸದ್ದು ಮಾಡಿದ್ರಲ್ಲ, ಮೊದಲನೇ ಸಲಕ್ಕೇ ಗೊತ್ತಾಗಿತ್ತು. ಆಮೇಲಿನದ್ದೆಲ್ಲ ನನ್ನ ಆಸೆಗೆ."

"ಆ ಉದ್ದ ಗರ್ರ್ ಕೂಡಾ?"

"ಅದನ್ನ ಸಾಯೋವರೆಗೂ ಮರೆಯಲ್ಲ."

ಅವಳು ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು. "ಎಲ್ಲರ ದನೀಲೂ ಮಾತಾಡ್ತೀರಿ. ವಾರಕ್ಕೆ ಮೂರನೇ ಸಲ ಯಾಕೆ ಬರ್ತಿದ್ರಿ ಅಂತ ಒಂದ್ಸಲ ನಿಮ್ಮ ಸ್ವಂತ ದನೀಲಿ ಹೇಳಿ."

ಅವನು ಬಾಯಿ ತೆರೆದ. ಯಜಮಾನರ ಕೆಮ್ಮು ಬರಲಿಲ್ಲ, ದೊಡ್ಡಕ್ಕನ ಆಕಳಿಕೆ ಬರಲಿಲ್ಲ. ಬಂದದ್ದು ಅಭ್ಯಾಸವಿಲ್ಲದ, ಸಣ್ಣಗೆ ನಡುಗುವ ಒಂದು ದನಿ.

"ನಿಮ್ಮನ್ನ ನೋಡೋಕೆ. ನೋಡದೇ ಇದ್ರೆ... ಆಗಲ್ಲ ನಂಗೆ."

ಕಿಟಕಿಯ ಹೊರಗೆ ಒಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ಅವಳು ಮಧ್ಯದಲ್ಲಿದ್ದ ಸಾಮಾನಿನ ಪೆಟ್ಟಿಗೆಯನ್ನು ಎತ್ತಿ ನೆಲಕ್ಕಿಟ್ಟಳು. ಇಬ್ಬರ ನಡುವೆ ಉಳಿದ ಜಾಗವನ್ನು ಗಂಭೀರವಾಗಿ ನೋಡಿದಳು.

"ಜಾಸ್ತಿ ಇದೆ," ಎಂದಳು.

"ಎಷ್ಟು?"

"ಒಂದಿಂಚು."

ಅವನು ಮೆಲ್ಲಗೆ ನಕ್ಕ. "ಯಾವ ಟೇಪಲ್ಲಿ ಅಳೆದ್ರಿ?"

"ಅಮ್ಮನ ಟೇಪಲ್ಲಿ."

"ಹಾಗಾದ್ರೆ ತಪ್ಪಿರಬಹುದು."

"ತಪ್ಪಿರಬಹುದು," ಎಂದಳು ಅವಳು. "ನೀವೇ ಹತ್ತಿರ ಬಂದು ನೋಡಿ."